ಗೋಡೌನ್ ತುಂಬಿದಾಗ ಬನ್ನಿ

ಚಿಕ್ಕಮಗಳೂರಿನಲ್ಲಿ ನಮ್ಮ ಚಿಕ್ಕಪ್ಪನದೊಂದು ಸಣ್ಣ ಕಾಫಿ ಕ್ಯೂರಿಂಗ್ ಇದೆ, ಅಂದರೆ ಬೆಳೆಗಾರರ ಒಣ ಕಾಫಿಯ ಹೊಟ್ಟು ಬಿಡಿಸಿ ಬೀಜ ವಿಂಗಡಿಸುವ ಕಾರ್ಖಾನೆ. ಬೆಂಗಳೂರಿನ ಕೆಲಸ ಬಿಟ್ಟು ಬಂದು ಅಲ್ಲಿನ ಲೆಕ್ಕ, ಕಂಪ್ಯೂಟರ್, ಜಗಳ ಮೂರನ್ನೂ ನಾನು ನೋಡಿಕೊಳ್ಳೋಕೆ ಶುರುಮಾಡಿ ನಾಲ್ಕು ವರ್ಷವಾಯಿತು. ಮೂರರಲ್ಲಿ ಜಗಳದ ಪಾಲೇ ಜಾಸ್ತಿ.

ಹೋದ ವರ್ಷ ಮಾರ್ಚ್‌ನಲ್ಲಿ ಮೂಡಿಗೆರೆ ಕಡೆಯ ಸಣ್ಣ ಬೆಳೆಗಾರರೊಬ್ಬರ 38 ಮೂಟೆ ಅರೇಬಿಕಾ ಪಾರ್ಚ್‌ಮೆಂಟ್ (ಹೊಟ್ಟು ಬಿಡಿಸದ ಒಣ ಬೀಜ), ಪಕ್ಕದ ಸಾಲಿನಲ್ಲಿದ್ದ ಇನ್ನೊಬ್ಬರ ಲಾಟಿನ ಜೊತೆ ಸೇರಿ ಹೊಟ್ಟು ಬಿಡಿಸುವ ಯಂತ್ರಕ್ಕೆ, ಅಂದರೆ ಹಲ್ಲರಿಗೆ, ಹೋಗಿಬಿಟ್ಟಿತು. ಹಲ್ಲರಿಗೆ ಬಿದ್ದ ಮೇಲೆ ಯಾವ ಬೀಜ ಯಾರದು ಅಂತ ದೇವರೂ ಹೇಳಲಾರ. ಔಟ್‌ಟರ್ನ್ ಅಂದರೆ ಹೊಟ್ಟು ಹೋಗಿ ಉಳಿಯುವ ಬೀಜ ಎಷ್ಟು ಬಂತು, ಅದರಲ್ಲಿ ದಪ್ಪ ಬೀಜದ ‘ಎಎ’ ಎಷ್ಟು, ಗುಂಡು ಬೀಜದ ‘ಪಿಬಿ’ ಎಷ್ಟು ಅನ್ನೋದರ ಮೇಲೇ ಬೆಳೆಗಾರನ ದುಡ್ಡು ನಿಂತಿರುತ್ತದೆ. ಚಿಕ್ಕಪ್ಪ ಮಾತಾಡದೆ ಕೈಯಿಂದ ಕಟ್ಟಿಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ, “ಫೋನಿನಲ್ಲಿ ಚಾರ್ಮಾಡಿ ಘಾಟಿಯ ತಿರುವು ತೋರಿಸ್ತೀಯ, ನಮ್ಮ ಗೋಡೌನಿನ ಮೂಟೆ ಎಲ್ಲಿದೆ ಅಂತ ತೋರಿಸೋಕಾಗಲ್ವೇನಮ್ಮ?” ಅಂದರು.

ಆಗಲ್ಲ. ಜಿಪಿಎಸ್ ಉಪಗ್ರಹಗಳು ಇರೋದು ಸುಮಾರು 20,200 ಕಿ.ಮೀ. ಎತ್ತರದಲ್ಲಿ. ಅಲ್ಲಿಂದ ನೆಲಕ್ಕೆ ಬರುವಷ್ಟರಲ್ಲಿ ಸಿಗ್ನಲ್ ಎಷ್ಟು ಸೊರಗಿರುತ್ತದೆಂದರೆ, ನಮ್ಮ ತಗಡಿನ ಚಾವಣಿ ಅದಕ್ಕೆ ಕೋಟೆಯ ಗೋಡೆ. ಒಳಗಿನ ಜಾಗ ಹುಡುಕೋಕೆ ಬೇರೆಯದೇ ವಿದ್ಯೆ ಬೇಕು. ಅದನ್ನು ಮಾರುವವರು ಮೂವರು ಬಂದುಹೋದರು. ಈ ಬರಹ ಆ ಮೂವರ ಬಗ್ಗೆ. ಹೆಸರು ಕೇಳಬೇಡಿ, ಹೇಳಲ್ಲ.

ಮೂವರ ಬ್ರೋಷರಿನಲ್ಲೂ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಒಂದು ಅಂಕಿ: ಇಷ್ಟು ಮೀಟರ್ ನಿಖರತೆ. ಎಲ್ಲಿ ಅಳೆದದ್ದು, ಖಾಲಿ ಹಾಲಿನಲ್ಲೋ ತುಂಬಿದ್ದರಲ್ಲೋ, ಎಷ್ಟು ಜಾಗದಲ್ಲಿ, ಅಳೆದವರು ಯಾರು, ಇದೊಂದೂ ಇಲ್ಲ. ತೂಕದ ಕಲ್ಲಿಗೆ ಸೀಲ್ ಇಲ್ಲದಿದ್ದರೆ ಸಂತೆಯಲ್ಲಿ ಈರುಳ್ಳಿ ಕೊಳ್ಳದ ನಾವು ಈ ಅಂಕಿಯನ್ನು ಮಾತ್ರ ಕಣ್ಣು ಮುಚ್ಚಿ ಒಪ್ಪಿಬಿಡ್ತೀವಿ.

ಮೊದಲು ಬಂದವರದು ಬ್ಲೂಟೂತ್. ಗೋಡೆಗೆ ಅಲ್ಲಲ್ಲಿ ಸಿಗ್ನಲ್ ಹಿಡಿಯುವ ಪೆಟ್ಟಿಗೆ, ಲಾಟಿಗೊಂದು ಸಿಗ್ನಲ್ ಕಳಿಸುವ ಬಿಲ್ಲೆ. ಬಿಲ್ಲೆ ಕೂಗುತ್ತಿರುತ್ತದೆ; ಕೂಗು ಜೋರಾಗಿ ಕೇಳಿದರೆ ಹತ್ತಿರ, ಮೆತ್ತಗೆ ಕೇಳಿದರೆ ದೂರ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಕೂಗು 6 ಡೆಸಿಬೆಲ್, ಅಂದರೆ ಕಾಲು ಭಾಗಕ್ಕೆ, ಇಳಿಯುತ್ತದೆ ಅನ್ನೋ ಲೆಕ್ಕವಿದೆ. ಜೂನ್ ತಿಂಗಳು, ಹೊರಗೆ ಜಡಿಮಳೆ, ಒಳಗೆ ಗೋಡೌನ್ ಮುಕ್ಕಾಲು ಪಾಲು ಖಾಲಿ. ಆ ಹುಡುಗ ಬಿಲ್ಲೆಯನ್ನು ಎತ್ತಿ ಹಿಡಿದುಕೊಂಡು ಓಡಾಡಿದ; ಪರದೆಯ ಮೇಲಿನ ಚುಕ್ಕೆ ನಾಯಿಮರಿಯಂತೆ ಅವನ ಹಿಂದೆಯೇ ಹೋಯಿತು. ಚಿಕ್ಕಪ್ಪ ಚೆಕ್ ಬುಕ್ ತೆಗೆಯೋಕೆ ಹೊರಟಿದ್ದರು. ನಾನೇ ತಡೆದು, “ಜನವರಿಗೆ ಬನ್ನಿ” ಅಂದೆ.

ಜನವರಿಯಲ್ಲಿ ಗೋಡೌನ್ ಸೂರಿನವರೆಗೆ ತುಂಬಿತ್ತು. ಅದೇ ಹುಡುಗ, ಅದೇ ಬಿಲ್ಲೆ. ಚುಕ್ಕೆ ಮಾತ್ರ ಒಂದು ಸಾಲಿನಿಂದ ಇನ್ನೊಂದಕ್ಕೆ ಕುಪ್ಪಳಿಸುತ್ತಿತ್ತು. ನಮ್ಮ ಹಮಾಲಿ ಮೇಸ್ತ್ರಿ ಬಿಲ್ಲೆಯ ಮುಂದೆ ಬಂದು ನಿಂತರೆ ಒಂದು ಜಾಗ, ಸರಿದರೆ ಇನ್ನೊಂದು. “ನಾನು ಅಡ್ಡ ನಿಂತ್ರೆ ಮೂಟೆ ನಡೀತದಾ ಅಮ್ಮಾವ್ರೇ?” ಅಂತ ಅವರು ಕೇಳಿದ ಪ್ರಶ್ನೆಗಿಂತ ಒಳ್ಳೆಯ ತಾಂತ್ರಿಕ ವಿಮರ್ಶೆಯನ್ನು ನಾನಿನ್ನೂ ಓದಿಲ್ಲ.

ಕಾರಣ ಏನೂ ಮಾಯಮಂತ್ರವಲ್ಲ. ಬ್ಲೂಟೂತ್ ಓಡೋ 2.4 ಗಿಗಾಹರ್ಟ್ಸ್ ಅಲೆಯನ್ನು ನೀರು ಚೆನ್ನಾಗಿ ಹೀರುತ್ತದೆ. ಮನುಷ್ಯನ ಮೈ ಬಹುಪಾಲು ನೀರೇ. ಇನ್ನು ಕಾಫಿ: ಚೆನ್ನಾಗಿ ಒಣಗಿದ ಪಾರ್ಚ್‌ಮೆಂಟಿನಲ್ಲೂ ನೂರಕ್ಕೆ ಹತ್ತರಷ್ಟು ತೇವ ಇರುತ್ತದೆ. 50 ಕೆಜಿ ಮೂಟೆ ಅಂದರೆ 5 ಲೀಟರ್ ನೀರು. 500 ಮೂಟೆಯ ಅಟ್ಟಿ ಅಂದರೆ 2,500 ಲೀಟರ್. ಬೀಜದೊಳಗೆ ಸಿಕ್ಕಿಕೊಂಡ ತೇವ ತೊಟ್ಟಿಯ ನೀರಿನಷ್ಟು ಹೀರದು, ಒಪ್ಪಿದೆ. ಆದರೂ ಅಟ್ಟಿಯ ಹಿಂದಿನಿಂದ ಬರುವ ಕೂಗು ಸೊರಗಿಯೇ ಬರುತ್ತದೆ; ಪೆಟ್ಟಿಗೆ ಅದನ್ನು ‘ದೂರ’ ಅಂತ ಓದುತ್ತದೆ. ತಗಡಿಗೆ ಬಡಿದು ವಾಪಸ್ ಬರುವ ಅಲೆಗಳ ಗಲಾಟೆ ಬೇರೆ.

ಎರಡನೆಯವರದು ವೈಫೈ. ಗೋಡೌನಿನ ಮೂಲೆಮೂಲೆಯಲ್ಲಿ ನಿಂತು, ಯಾವ ರೂಟರ್ ಎಷ್ಟು ಜೋರಾಗಿ ಕೇಳುತ್ತದೆ ಅಂತ ಮೊದಲೇ ಬರೆದಿಟ್ಟುಕೊಂಡು ಆಮೇಲೆ ತಾಳೆ ನೋಡೋದು. ಮೈಕ್ರೋಸಾಫ್ಟ್ ಸಂಶೋಧಕರು 2000ದಲ್ಲಿ ‘ರಾಡಾರ್’ ಹೆಸರಿನಲ್ಲಿ ಪ್ರಕಟಿಸಿದ ಹಳೆಯ ಉಪಾಯ ಇದು, ಆಫೀಸುಗಳಿಗೆ ಒಳ್ಳೆಯದೇ. ನಮ್ಮಲ್ಲಿ ಅಟ್ಟಿಗಳು ವಾರಕ್ಕೊಮ್ಮೆ ಜಾಗ ಬದಲಿಸುತ್ತವೆ. ಸೋಮವಾರದ ನಕ್ಷೆ ಶನಿವಾರಕ್ಕೆ ಸುಳ್ಳು. ಕಾಫಿ ಕೊಟ್ಟು ಕಳಿಸಿದೆವು.

ಮೂರನೆಯದು ಯುಡಬ್ಲ್ಯೂಬಿ, ಅಂದರೆ ಅಲ್ಟ್ರಾವೈಡ್‌ಬ್ಯಾಂಡ್. ಐಫೋನಿಗೆ 2019ರಲ್ಲಿ ಬಂದ ಚಿಪ್ಪಿನ ಜಾತಿಯದು. ಇದು ಕೂಗಿನ ಜೋರು ನೋಡಲ್ಲ, ಕೂಗು ಬಂದು ಮುಟ್ಟೋಕೆ ಹಿಡಿದ ಹೊತ್ತು ಅಳೆಯುತ್ತದೆ. ರೇಡಿಯೋ ಅಲೆ ಒಂದು ನ್ಯಾನೋಸೆಕೆಂಡಿನಲ್ಲಿ 30 ಸೆಂ.ಮೀ. ಹೋಗುತ್ತದೆ, ಗಡಿಯಾರ ಅಷ್ಟು ಚುರುಕಾಗಿದ್ದರೆ ಗೇಣಳತೆಯಲ್ಲಿ ಜಾಗ ಹೇಳಬಹುದು. ನಮ್ಮಲ್ಲೂ ಬಿಲ್ಲೆಯನ್ನು ಅಟ್ಟಿಯ ತಲೆಯ ಮೇಲೆ, ತೊಲೆಗೆ ಕಟ್ಟಿದ ಪೆಟ್ಟಿಗೆಗಳಿಗೆ ನೇರ ಕಾಣುವಂತೆ ಇಟ್ಟಾಗ ಹೇಳಿತು. ಅದೇ ಬಿಲ್ಲೆಯನ್ನು ನೆಲದ ಹತ್ತಿರ, ಎರಡು ಅಟ್ಟಿಗಳ ಸಂದಿಯಲ್ಲಿ ಇಟ್ಟೆ. ನೇರ ದಾರಿ ಮುಚ್ಚಿದಾಗ ಅಲೆ ಸುತ್ತಿಬಳಸಿ ಬರುತ್ತದೆ, ಹಾಗಾಗಿ ದೂರ ಯಾವಾಗಲೂ ಜಾಸ್ತಿಯೇ ಕಾಣುತ್ತದೆ. ಅಲ್ಲಿ ಇದೂ ಎಡವಿತು. ಬ್ರೋಷರಿನ ಚಿತ್ರದಲ್ಲಿ ಬಿಲ್ಲೆ ಎಲ್ಲಿದೆ ಅಂತ ನೋಡಿ: ಸದಾ ಎತ್ತರದಲ್ಲಿ, ಕೈಯಲ್ಲಿ, ನಗುವ ಹುಡುಗನ ಎದೆಮಟ್ಟದಲ್ಲಿ.

ಈಗ ಅಂಕಿಯ ವಿಷಯಕ್ಕೆ ಬರುತ್ತೇನೆ, ನನ್ನ ಸಿಟ್ಟು ಇರೋದು ಅಲ್ಲೇ. ಹತ್ತು ಸಲ ಅಳೆದಾಗ ಒಂಬತ್ತು ಸಲ 1 ಮೀಟರ್ ತಪ್ಪು, ಒಂದು ಸಲ 15 ಮೀಟರ್ ತಪ್ಪು ಅಂದುಕೊಳ್ಳಿ. ಸರಾಸರಿ 2.4 ಮೀಟರ್. ಕೇಳೋಕೆ ಚೆನ್ನಾಗಿದೆ. ಆದರೆ ಹಲ್ಲರಿಗೆ ಹೋಗೋ ತಪ್ಪು ಮೂಟೆ ಆ ಹತ್ತನೆಯದು. ಒಳಗಿನ ಜಾಗ ಹುಡುಕುವ ಈ ವಿದ್ಯೆಯವರ ಅಂತರರಾಷ್ಟ್ರೀಯ ಸಮ್ಮೇಳನ ಐಪಿಐಎನ್ ನಡೆಸುವ ಸ್ಪರ್ಧೆಯಲ್ಲಿ ಸರಾಸರಿಗೆ ಬೆಲೆಯಿಲ್ಲ. ತಪ್ಪುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿಟ್ಟು ನೂರರಲ್ಲಿ 75ನೆಯದನ್ನು ಅಂಕವಾಗಿ ಹಿಡಿಯುತ್ತಾರೆ. ಮಹಡಿ ತಪ್ಪಿ ಹೇಳಿದರೆ ಮಹಡಿಗೆ 15 ಮೀಟರ್ ದಂಡ. ಮೂರಡಿ ಪಕ್ಕದಲ್ಲಿ ಹುಡುಕಿದರೆ ಸಿಕ್ಕೀತು, ಮೇಲಿನ ಮಹಡಿಯಲ್ಲಿ ಹುಡುಕಿದರೆ ಸಿಗಲ್ಲವಲ್ಲ.

ಅದನ್ನೇ ನಮಗೆ ಒಗ್ಗಿಸಿಕೊಂಡೆ. ನಮ್ಮ ಸಾಲಿನ ಅಗಲ 3 ಮೀಟರ್. ನಡುವಿನಿಂದ ಒಂದೂವರೆ ಮೀಟರ್ ಆಚೆ ಹೋದರೆ ಅದು ಬೇರೆಯವರ ಕಾಫಿ. ಹಾಗಾಗಿ ನನಗೆ ಮೀಟರೇ ಬೇಡ; ಸಾಲು ಸರಿಯೋ ತಪ್ಪೋ ಅಷ್ಟೇ ಸಾಕು. ನೆಲದ ಮೇಲೆ ಸುಣ್ಣದಕಡ್ಡಿಯಲ್ಲಿ 40 ಗುರುತು ಹಾಕಿ, ಟೇಪು ಹಿಡಿದು ಅಳೆದು, ಗುರುತಿನ ಜಾಗ ಯಾವುದೆಂದು ಮಾರುವವರಿಗೆ ಹೇಳದೆ ಪರೀಕ್ಷೆ ಮಾಡಿದೆ. ಹಮಾಲರು ಎಂದಿನಂತೆ ಓಡಾಡುತ್ತಲೇ ಇರಬೇಕು ಅನ್ನೋದು ನನ್ನ ಷರತ್ತು.

“ನೀವು ಇಂಜಿನಿಯರ್, ನಿಮಗೆ ಅನುಮಾನ ಜಾಸ್ತಿ” ಅಂತ ಮಾರುವವರಲ್ಲಿ ಒಬ್ಬರು ನಕ್ಕರು. 2014ರಲ್ಲಿ ಮೈಕ್ರೋಸಾಫ್ಟ್ ನಡೆಸಿದ ಇಂಥದೇ ಸ್ಪರ್ಧೆಯಲ್ಲಿ 22 ತಂಡಗಳನ್ನು ಯಾರಿಗೂ ಪರಿಚಯವಿಲ್ಲದ ಒಂದೇ ಜಾಗಕ್ಕೆ ತಂದು ಎರಡು ದಿನ ಅಳೆದರು. ಸ್ವಂತ ಉಪಕರಣ ನೆಟ್ಟವರಲ್ಲಿ ಗೆದ್ದವರ ತಪ್ಪು 0.72 ಮೀಟರ್; ಏನೂ ನೆಡದೆ ಇದ್ದ ವೈಫೈಯಲ್ಲೇ ಮಾಡಿದವರಲ್ಲಿ ಗೆದ್ದವರದು 1.6 ಮೀಟರ್. ಜಗತ್ತಿನ ಬುದ್ಧಿವಂತರ ಗತಿ ಇದು. ಇವರು ಬ್ರೋಷರಿನಲ್ಲಿ ಅದಕ್ಕಿಂತ ಮುಂದೆ ಹೋಗಿದ್ದಾರೆ ಅಂದಾಗ ಅನುಮಾನ ಬರದಿದ್ದರೆ ಹೇಗೆ?

ನಿಖರತೆ ಬಿಟ್ಟು ಬೇರೆ ಸಂಗತಿಗಳೂ ಇವೆ, ಬ್ರೋಷರಿನಲ್ಲಿ ಮಾತ್ರ ಇರಲ್ಲ. ಬಿಲ್ಲೆಯ ಸೆಲ್ ಎಷ್ಟು ದಿನ? ಹಮಾಲರ ಕೊಕ್ಕೆಗೆ ಬಿಲ್ಲೆ ಕಿತ್ತು ಬಂದರೆ? ಹೊಟ್ಟಿನ ಧೂಳು? ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋದಾಗ ಪೆಟ್ಟಿಗೆಗಳು ತಾವಾಗಿಯೇ ಮತ್ತೆ ಹೊಂದಿಕೊಳ್ತಾವಾ, ಇಲ್ಲ ಬೆಂಗಳೂರಿನಿಂದ ಜನ ಬರಬೇಕಾ?

ಕೊನೆಗೆ ಮೇಸ್ತ್ರಿ ಜೊತೆ ಕೂತಾಗ ಇನ್ನೊಂದು ಹೊಳೆಯಿತು. ಅಂದಿನ ತಪ್ಪು ಆದದ್ದು ಮೂಟೆ ಎಲ್ಲಿದೆ ಅಂತ ಗೊತ್ತಿಲ್ಲದೆ ಅಲ್ಲ, ಹಲ್ಲರಿನ ಬಾಗಿಲಲ್ಲಿ ಯಾರೂ ತಡೆಯದೆ. ಆ ಬಾಗಿಲಿಗೆ ಫಾಸ್ಟ್ಯಾಗ್ ಜಾತಿಯ ಆರ್‌ಎಫ್‌ಐಡಿ ರೀಡರ್ ಒಂದನ್ನು ಹಾಕಿದರೆ, ಮೂಟೆಯ ಹೊಲಿಗೆಯಲ್ಲಿ ಸೇರಿಸಿದ ಸೆಲ್ಲಿಲ್ಲದ ಪಟ್ಟಿ ಹಾದುಹೋಗುವಾಗ ತಪ್ಪು ಲಾಟಾದರೆ ಗಂಟೆ ಹೊಡೆಯುತ್ತದೆ. ಅದಕ್ಕೆ ಮೀಟರೂ ಬೇಡ, ಸೆಂಟಿಮೀಟರೂ ಬೇಡ. ಚಿಕ್ಕಪ್ಪನಿಗೆ ಅದೇ ಇಷ್ಟ. ನಾನು ಅದರ ಜೊತೆಗೆ ಪಾರ್ಚ್‌ಮೆಂಟ್ ಗೋಡೌನಿಗೆ ಮಾತ್ರ ಯುಡಬ್ಲ್ಯೂಬಿ, ಬಿಲ್ಲೆ ಅಟ್ಟಿಯ ತಲೆಯ ಮೇಲೆ, ಅಂತ ಹಟ ಹಿಡಿದಿದ್ದೇನೆ. ದುಡ್ಡು ಕೊಡೋದು ತುಂಬಿದ ಗೋಡೌನಿನಲ್ಲಿ ನನ್ನ 40 ಗುರುತು ಪಾಸಾದ ಮೇಲೆ ಅಂತ ಕರಾರು ಬರೆದಾಗಿದೆ. ಯುಡಬ್ಲ್ಯೂಬಿಯವರು ಸಹಿ ಹಾಕಿದ್ದಾರೆ.

ನಿನ್ನೆ ಬ್ಲೂಟೂತ್ ಹುಡುಗ ಫೋನ್ ಮಾಡಿದ್ದ. ಹೊಸ ಸಾಫ್ಟ್‌ವೇರ್ ಬಂದಿದೆಯಂತೆ, ಇನ್ನೊಂದು ಡೆಮೊ ಕೊಡ್ತಾನಂತೆ. ಯಾವಾಗ ಬರ್ತೀಯಪ್ಪ ಅಂದೆ. “ಸ್ಟಾಕ್ ಎಲ್ಲ ಖಾಲಿಯಾದ ಮೇಲೆ ಬರ್ತೀನಿ ಮೇಡಂ, ಓಡಾಡೋಕೆ ಸಲೀಸು.”