ಊಟ ತನ್ನಿಚ್ಛೆ, ಸೈಕಲ್ ಪರರಿಚ್ಛೆ

ಬೆಳಿಗ್ಗೆ ಏಳೂಕಾಲಿಗೆ ಬೀರುವಿನ ಮುಂದೆ ನಿಂತು ನಾನು ತಲೆ ಕೆರೆದುಕೊಳ್ಳುವುದನ್ನು ನೋಡಿದರೆ ನಾಂದಿ ದಿನದ ಬೀಗಿತ್ತಿಯೂ ನಾಚಬೇಕು. ಹೊರಟಿರುವುದು ಜಯನಗರದಿಂದ ಬೆಳ್ಳಂದೂರಿಗೆ, ಸೈಕಲ್ ಮೇಲೆ. ಅಲ್ಲಿ ಹೋಗಿ ಮಾಡುವುದು ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಇಷ್ಟಕ್ಕೆ ಏನು ಹಾಕಿಕೊಳ್ಳಬೇಕು ಅನ್ನುವುದು ಎರಡು ನಿಮಿಷದ ಪ್ರಶ್ನೆ ಎಂದು ನಾನೂ ನಂಬಿದ್ದೆ. ಆ ಎರಡು ನಿಮಿಷ ಶುರುವಾಗಿ ಈಗ ಎಂಟು ತಿಂಗಳು.

ಹವಾಮಾನದ ಮಟ್ಟಿಗೆ ಹೇಳುವುದಾದರೆ ಬೆಂಗಳೂರು ತಕರಾರಿಲ್ಲದ ಊರು. ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲೆ ಕೂತಿದೆ. ಏಪ್ರಿಲ್ ಒಂದನ್ನು ಬಿಟ್ಟರೆ ರಾಯಚೂರಿನವರು ಇಲ್ಲಿನ ಬಿಸಿಲನ್ನು ಬಿಸಿಲೆಂದು ಒಪ್ಪುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಜೋರು, ಅದೂ ಸರಿಯಾಗಿ ಆಫೀಸು ಬಿಡುವ ಹೊತ್ತಿಗೆ. ಒಂದು ಶರ್ಟು, ಒಂದು ಪ್ಯಾಂಟು, ಕ್ಯಾರಿಯರ್‌ನಲ್ಲಿ ಒಂದು ರೇನ್ ಕೋಟು ಇದ್ದರೆ ಸಾಕು. ಮಳೆ, ಚಳಿ, ಬಿಸಿಲು ಮೂರಕ್ಕೂ ನನ್ನ ಬಟ್ಟೆಯ ಬಗ್ಗೆ ಯಾವ ಅಭಿಪ್ರಾಯವೂ ಇಲ್ಲ. ಉಳಿದವರೆಲ್ಲರಿಗೂ ಇದೆ.

ಮೊದಲ ಅಭಿಪ್ರಾಯ ಸೈಕಲ್ ಅಂಗಡಿಯ ಹುಡುಗನದು. “ಸಾರ್, ರೇಸಾ, ಲಾಂಗ್ ರೈಡಾ?” ಅಂದ. “ಆಫೀಸಪ್ಪಾ” ಅಂದೆ. ಹುಡುಗನ ಮುಖ ಬಾಡಿತು. ಆದರೂ ಧೈರ್ಯಗೆಡದೆ ಒಂದು ಕಪ್ಪು ಲೈಕ್ರಾ ಚಡ್ಡಿ ತೆಗೆದ. ಈ ಲೈಕ್ರಾ ಎಂಬ ದಾರ 1958ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ರಸಾಯನ ವಿಜ್ಞಾನಿಯೊಬ್ಬರ ಕೈಯಲ್ಲಿ ಹುಟ್ಟಿದ್ದು, ಹೆಂಗಸರ ಬಿಗಿ ಒಳಉಡುಪಿನ ರಬ್ಬರಿಗೆ ಬದಲಾಗಿ. ಚಡ್ಡಿಯ ತಳಕ್ಕೆ ಮೆತ್ತೆ ಹೊಲಿದಿರುತ್ತಾರೆ. ಯುರೋಪಿನ ಬೆಟ್ಟಗಳಲ್ಲಿ ‘ಶಾಮ್ವಾ’ ಅಂತ ಆಡಿನ ಜಾತಿಯ ಒಂದು ಪ್ರಾಣಿಯಿದೆ, ಹಿಂದೆ ಅದರ ಚರ್ಮದಲ್ಲಿ ಮಾಡುತ್ತಿದ್ದರಂತೆ. ಈಗ ಸ್ಪಂಜು. ಆಡಿಗೆ ಬಿಡುಗಡೆ ಸಿಕ್ಕಿದೆ, ನಮಗಿಲ್ಲ. ಬಿಲ್ಲು ಹರಿಯುವಾಗ ಹುಡುಗ ಹತ್ತಿರ ಬಗ್ಗಿ, ಸತ್ಯನಾರಾಯಣ ಪೂಜೆಯ ಸಂಕಲ್ಪದಷ್ಟು ಮೆಲ್ಲಗೆ, “ಸಾರ್, ಇದರೊಳಗೆ ಚಡ್ಡಿ ಹಾಕ್ಬಾರ್ದು” ಅಂದ. ನಲವತ್ತು ವರ್ಷದಿಂದ ಅಮ್ಮ ಕಲಿಸಿದ್ದಕ್ಕೆಲ್ಲ ಎಳ್ಳುನೀರು ಬಿಡುವ ಮಾತನ್ನು ಯಾರೂ ಅಷ್ಟು ಗಂಭೀರವಾಗಿ ಹೇಳಿದ್ದಿಲ್ಲ.

ಆ ಅಮ್ಮನೇ ಮರುದಿನ ಬೆಳಿಗ್ಗೆ ತುಳಸಿಕಟ್ಟೆಯ ಹತ್ತಿರ ಸಿಕ್ಕಳು.

“ಪ್ಯಾಂಟ್ ಎಲ್ಲೋ?”

“ಇದೇ ಅಮ್ಮ.”

“ಅದರ ಮೇಲೆ ಹಾಕ್ಕೊಳ್ಳೋದು ಕೇಳ್ತಿದೀನಿ ಕಣೋ.”

ಬೀದಿಯವರ ಮಾತು ಬಿಡಿ. ಆಫೀಸಿನ ಗೇಟಿನಲ್ಲಿ ಮಾತ್ರ ಪವಾಡ ನಡೆಯಿತು. ಸೆಕ್ಯುರಿಟಿ ಅಣ್ಣ ಎದ್ದು ನಿಂತು ಸೆಲ್ಯೂಟ್ ಹೊಡೆದ. “ಸೂಪರ್ ಸಾರ್, ಫಿಟ್ನೆಸ್ಸಾ? ಸೈಕಲ್ ಲಕ್ಷ ಆಗಿರ್ಬೇಕಲ್ವಾ ಸಾರ್?” ಎನ್ನುತ್ತಾ ಮುಂಬಾಗಿಲಿನ ತನಕ ತಾನೇ ದಾರಿ ಬಿಡಿಸಿದ. ತೊಡೆ, ಸೊಂಟ, ಮಾನ ಮೂರೂ ಎದ್ದು ಕಾಣುವ ಆ ಉಡುಪಿನಲ್ಲಿ ಹದಿನೈದು ವರ್ಷದ ನೌಕರಿಯಲ್ಲಿ ಸಿಗದ ಗೌರವ ಸಿಕ್ಕಿತು.

ಲೈಕ್ರಾ ಒಗೆಯಲು ಹಾಕಿದ್ದ ದಿನ ಮಾಮೂಲಿ ಪ್ಯಾಂಟು, ಚೌಕಳಿ ಶರ್ಟು ಹಾಕಿ ಹೋದೆ. ಅದೇ ಸೈಕಲ್, ಅದೇ ಗೇಟು, ಅದೇ ಅಣ್ಣ. ತಲೆ ಎತ್ತದೆ ಕೈ ಬೀಸಿದ: “ಏಯ್, ಡೆಲಿವರಿ ಎಲ್ಲಾ ಹಿಂದ್ಗಡೆ ಗೇಟು!” ಹಿಂದ್ಗಡೆ ಗೇಟಿಗೆ ಹೋದೆ. ಅಲ್ಲಿ ಗೋಡೆಗೆ ಒರಗಿಸಿ ಸರಪಳಿ ಸುತ್ತಿದ್ದ ಹಳೇ ಸೈಕಲ್ ಒಂದಿತ್ತು. ಯಾರದೆಂದು ಕೇಳಿದೆ. ಮುಂಬಾಗಿಲಿನ ಸೆಕ್ಯುರಿಟಿ ಅಣ್ಣನದೇ.

ಹೀಗೆ ನಮ್ಮ ಊರಿನಲ್ಲಿ ಸೈಕಲ್ ತುಳಿಯುವವರದು ಎರಡೇ ಜಾತಿ. ಪೆಟ್ರೋಲ್ ಹಾಕಿಸಲು ದುಡ್ಡಿಲ್ಲದವರು ಒಂದು, ದುಡ್ಡು ಹೆಚ್ಚಾಗಿ ಹೊಟ್ಟೆ ಬಂದವರು ಇನ್ನೊಂದು. ನಡುವೆ, ಸುಮ್ಮನೆ ಕೆಲಸಕ್ಕೆ ಹೋಗಲು ಸೈಕಲ್ ತುಳಿಯುವ ಒಬ್ಬ ಮನುಷ್ಯ ಇರಬಹುದೆಂದು ಯಾರೂ ನಂಬುವುದಿಲ್ಲ. ನಂಬುತ್ತಿದ್ದ ಕಾಲ ಒಂದಿತ್ತು. ದೂರವಾಣಿನಗರದಲ್ಲಿ ಟೆಲಿಫೋನ್ ಮಾಡುವ ಐಟಿಐ ಕಾರ್ಖಾನೆ ಬಂದದ್ದು 1948ರಲ್ಲಿ, ಜಾಲಹಳ್ಳಿಯ ಕಡೆ ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ. ಸೈರನ್ ಕೂಗಿದರೆ ಗೇಟಿನಿಂದ ಸೈಕಲ್ಲುಗಳ ಹೊಳೆಯೇ ಹರಿಯುತ್ತಿತ್ತು. ಜಾಲಹಳ್ಳಿಯಲ್ಲಿ ಲೇತ್ ಮೆಷಿನ್ ಮೇಲೆ ಕೆಲಸ ಮಾಡುತ್ತಿದ್ದ ನಮ್ಮ ದೊಡ್ಡಪ್ಪನ ಸೈಕಲ್ ಉಡುಪೆಂದರೆ ಒಂದು ಕ್ಲಿಪ್ಪು. ಚೈನಿನ ಗ್ರೀಸು ತಾಗದಂತೆ ಪ್ಯಾಂಟಿನ ಬಲಗಾಲಿಗೆ ಸಿಕ್ಕಿಸುವುದು, ಇಳಿದ ಮೇಲೆ ಕಿತ್ತು ಜೇಬಿಗೆ ಹಾಕುವುದು. ಬೆಲ್‌ಬಾಟಮ್ ಬಂದಾಗ ಮಾತ್ರ ಕ್ಲಿಪ್ಪಿನ ಬಾಯಿ ಸಾಲದೆ ಸ್ವಲ್ಪ ಕಾಲ ರಬ್ಬರ್ ಬ್ಯಾಂಡ್ ಕಟ್ಟುತ್ತಿದ್ದರಂತೆ. ಅವರನ್ನು ಯಾರೂ ‘ಸೈಕ್ಲಿಸ್ಟ್’ ಅನ್ನಲಿಲ್ಲ. ಡ್ಯೂಟಿಗೆ ಹೋಗುವವರು ಅಂದರು, ಅಷ್ಟೆ.

ಆ ದೊಡ್ಡಪ್ಪ ಭಾನುವಾರಗಳಲ್ಲಿ ಪಂಚೆ ಉಟ್ಟೇ ಸೈಕಲ್ ತುಳಿಯುತ್ತಿದ್ದರು, ಮಡಿಚಿ ಮೇಲೆತ್ತಿ ಕಟ್ಟಿ. ಗಾಳಿಯಾಡುವುದರಲ್ಲಿ ಪಂಚೆಯನ್ನು ಸೋಲಿಸುವ ಬಟ್ಟೆಯನ್ನು ಯಾವ ರಸಾಯನ ವಿಜ್ಞಾನಿಯೂ ಇನ್ನೂ ಕಂಡುಹಿಡಿದಿಲ್ಲ. ನಾನೂ ಉಟ್ಟು ಹೋಗೋಣವೆಂದರೆ ಮನೆಯವಳು ಹಳೇ ಪೇಪರ್ ತಂದು ಮುಂದಿಟ್ಟಳು. 2024ರ ಫೆಬ್ರುವರಿಯಲ್ಲಿ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ ಬಟ್ಟೆ ಕೊಳೆಯಾಗಿದೆಯೆಂದು ರೈತರೊಬ್ಬರನ್ನು ತಡೆದರು. ಕೈಯಲ್ಲಿ ಟಿಕೆಟ್ ಇತ್ತು, ಸಹಪ್ರಯಾಣಿಕರು ಜಗಳಕ್ಕೆ ನಿಂತದ್ದಕ್ಕೆ ಹೋಗಲು ಬಿಟ್ಟರು. ಅದೇ ಜುಲೈಯಲ್ಲಿ ಮಾಗಡಿ ರಸ್ತೆಯ ಮಾಲ್‌ನಲ್ಲಿ ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ರೈತರನ್ನು ಪಂಚೆ ಉಟ್ಟಿದ್ದಕ್ಕೆ ಒಳಗೆ ಬಿಡಲಿಲ್ಲ. ವಿಷಯ ವಿಧಾನಸಭೆಗೆ ಹೋಯಿತು, ಏಳು ದಿನ ಮಾಲ್ ಮುಚ್ಚಿಸುತ್ತೇವೆಂದು ಸಚಿವರು ಘೋಷಿಸಿದರು, ಬಾಗಿಲೂ ಬಿತ್ತು. ಆ ಸದನದ ಒಳಗೆ ಪಂಚೆ ಉಟ್ಟು ಕೂತವರನ್ನು ಎಣಿಸುವುದಕ್ಕೆ ಎರಡು ಕೈ ಸಾಲುವುದಿಲ್ಲ, ಅದು ಬೇರೆ ಮಾತು.

“ನೋಡಿ ರೀ, ಮಾಲ್ ಮುಚ್ಚಿಸೋಷ್ಟು ಶಕ್ತಿ ನಿಮ್ಮ ಪಂಚೆಗಿಲ್ಲ. ಪ್ಯಾಂಟ್ ಹಾಕ್ಕೊಳ್ಳಿ” ಎಂದಳು.

ಈ ರೋಗ ನಮ್ಮಲ್ಲೇ ಹುಟ್ಟಿದ್ದಲ್ಲ. 1898ರಲ್ಲಿ ಇಂಗ್ಲೆಂಡಿನ ಸರ್ರೆ ಪ್ರಾಂತ್ಯದ ಆಕಮ್ ಎಂಬ ಹಳ್ಳಿಯ ಹೋಟೆಲ್ಲಿಗೆ ಲೇಡಿ ಹಾರ್ಬರ್ಟನ್ ಎಂಬಾಕೆ ಸೈಕಲ್‌ನಲ್ಲಿ ಹೋದರು. ಚಕ್ರಕ್ಕೆ ಸಿಕ್ಕಿಕೊಳ್ಳುವ ಲಂಗ ಬಿಟ್ಟು ದೊಗಳೆ ಚಲ್ಲಣ ತೊಟ್ಟಿದ್ದರು. ಹೋಟೆಲ್ಲಿನ ಒಡತಿ ಆಕೆಯನ್ನು ಕಾಫಿ ಕೋಣೆಗೆ ಬಿಡದೆ, ಬೇಕಾದರೆ ಗಂಡಸರು ಕುಡಿಯುವ ಪಡಸಾಲೆಯಲ್ಲಿ ಕೂತು ಊಟ ಮಾಡಿ ಅಂದಳು. ಸೈಕಲ್ ಸವಾರರ ಸಂಘ ಕೇಸು ಹಾಕಿತು. ಮರುವರ್ಷ ಕೋರ್ಟಿನಲ್ಲಿ ಸೋತಿತು. ಲೇಡಿ ಅನ್ನುವ ಬಿರುದಿದ್ದವರಿಗೇ ಕಾಫಿ ಸಿಗಲಿಲ್ಲ, ಹಾವೇರಿಯ ಯಜಮಾನರಿಗೆ ಪಾಪ್‌ಕಾರ್ನ್ ಸಿಗುತ್ತದೆಯೇ? ಪಕ್ಕದ ತಮಿಳುನಾಡಿನವರು ಕ್ಲಬ್ಬೊಂದು ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರನ್ನೇ ಪಂಚೆಗಾಗಿ ಬಾಗಿಲಲ್ಲಿ ನಿಲ್ಲಿಸಿದ ಮೇಲೆ 2014ರಲ್ಲಿ ಪಂಚೆಗೆಂದೇ ಒಂದು ಕಾನೂನು ಮಾಡಿಕೊಂಡರು. ಅಂದರೆ ಕಾನೂನು ಬರಬೇಕಾದರೆ ಮೊದಲು ಪಂಚೆಯೊಳಗೆ ನ್ಯಾಯಮೂರ್ತಿ ಇರಬೇಕು.

ನಮ್ಮ ಆಫೀಸಿನಲ್ಲಿ ಸೈಕಲ್‌ನಲ್ಲಿ ಬರುವ ಹೆಂಗಸರು ಒಬ್ಬರಿದ್ದಾರೆ. ಅವರ ಉಡುಪಿಗೆ ಇರುವ ಸಲಹಾ ಮಂಡಳಿಯಲ್ಲಿ ಹಾಲಿನವನಿಂದ ಹಿಡಿದು ಬಸ್ಸಿನ ಕಿಟಕಿಯವರೆಗೆ ಎಲ್ಲರೂ ಸದಸ್ಯರೇ. “ನೀವು ಚಡ್ಡಿ ಬಗ್ಗೆ ಒಂದು ಪುಟ ಬರೀತೀರಿ ಸಾರ್, ನಾನು ದುಪಟ್ಟಾ ಬಗ್ಗೆ ಶುರು ಮಾಡಿದ್ರೆ ದೀಪಾವಳಿ ವಿಶೇಷಾಂಕ ಬೇಕು” ಅಂದರು. ಆ ವಿಶೇಷಾಂಕವನ್ನು ಅವರಿಗೇ ಬಿಡುತ್ತೇನೆ.

ಲೈಕ್ರಾದಲ್ಲಿ ಬಂದು ಆಫೀಸಿನಲ್ಲಿ ಬದಲಾಯಿಸಿಕೊಳ್ಳುವುದು ಮಧ್ಯಮಮಾರ್ಗವಲ್ಲವೇ ಎಂದು ನೀವು ಕೇಳಬಹುದು. ಸರಿ, ನಮ್ಮ ಕಟ್ಟಡದ ಮೊಗಸಾಲೆಯಲ್ಲಿ ಗಾಜಿನ ಫಲಕವೊಂದಿದೆ: ಇದು ಹಸಿರು ಕಟ್ಟಡ. ಲೀಡ್ ಎಂಬ ಅಂತರರಾಷ್ಟ್ರೀಯ ಶ್ರೇಯಾಂಕದಲ್ಲಿ ಸೈಕಲ್ ನಿಲ್ಲಿಸಲು ಜಾಗ, ಸವಾರರಿಗೆ ಸ್ನಾನದ ಷವರ್ ಕೊಟ್ಟರೆ ಅಂಕವುಂಟು. ನಮ್ಮವರು ಆ ಅಂಕ ಗಳಿಸಿದ್ದಾರೆ. ಷವರ್ ಎಲ್ಲಿ ಎಂದು ಹುಡುಕುತ್ತಾ ಎರಡನೇ ಬೇಸ್‌ಮೆಂಟಿಗೆ ಹೋದೆ. ಬಾಗಿಲು ತೆಗೆದರೆ ಇಪ್ಪತ್ತು ಪೊರಕೆ, ಆರು ಫಿನಾಯಿಲ್ ಕ್ಯಾನು, ಕಳೆದ ವರ್ಷದ ಗಣೇಶನ ಮಂಟಪದ ಥರ್ಮಾಕೋಲ್. ಷವರ್ ಇತ್ತು, ಸುಳ್ಳು ಹೇಳಬಾರದು. ಅದಕ್ಕೊಂದು ಮಾಪ್ ನೇತುಹಾಕಿದ್ದರು. ಹೌಸ್‌ಕೀಪಿಂಗ್ ಅಕ್ಕ “ಯಾರು ಬೇಕಿತ್ತು ಸಾರ್?” ಅಂದರು. ಸ್ನಾನ ಅಂದೆ. ಮನೆಯಲ್ಲಿ ನೀರು ಬರುತ್ತಿಲ್ಲವೇ ಎಂದು ಮರುಕದಿಂದ ವಿಚಾರಿಸಿದರು.

ಕೊನೆಗೆ ಟಾಯ್ಲೆಟ್ಟೇ ನನ್ನ ಚೌಕಿಯಾಯಿತು. ಯಕ್ಷಗಾನದ ವೇಷಧಾರಿಗೆ ಚೌಕಿಯಲ್ಲಿ ಕನ್ನಡಿ, ಬಣ್ಣ, ಸಹಾಯಕ್ಕೊಬ್ಬ ಹುಡುಗ ಇರುತ್ತಾನೆ. ನನಗಿದ್ದದ್ದು ಒಂದು ಮೊಳೆ, ಒಂದು ಒದ್ದೆ ನೆಲ. ಒಂಟಿ ಕಾಲಲ್ಲಿ ನಿಂತು, ಬೆವರಿಗೆ ಅಂಟಿದ ಲೈಕ್ರಾವನ್ನು ಹಲಸಿನ ತೊಳೆ ಬಿಡಿಸಿದ ಹಾಗೆ ಬಿಡಿಸುತ್ತಿದ್ದಾಗ ಹೊರಗಿನಿಂದ ನಮ್ಮ ಮ್ಯಾನೇಜರ್ ಸ್ವರ: “ಒಳಗೆ ಎಲ್ಲಾ ಸರಿಯಾಗಿದೆಯೇನ್ರೀ?”

ಲೈಕ್ರಾ ಅಟ್ಟಕ್ಕೆ ಹೋಯಿತು.

ಇನ್ನು ಸುರಕ್ಷತೆಯ ಹೆಸರಿನ ಸಲಹೆ. ಈ ಊರಿನಲ್ಲಿ ಯಾರು ಸೈಕಲ್ಲಿಗೆ ತಾಗಿಸಿದರೂ, ಮೈಗೆ ಸವರಿಕೊಂಡು ಹೋದರೂ, ಗ್ಲಾಸ್ ಇಳಿಸಿ ಹೇಳುವ ವಾಕ್ಯ ಒಂದೇ: “ಕಾಣಿಸ್ಲೇ ಇಲ್ಲ ಗುರು!” ಐದೂಮುಕ್ಕಾಲು ಅಡಿ ಎತ್ತರ, ಎಂಬತ್ತೆರಡು ಕಿಲೋ ತೂಕದ ನಾನು ಮನೆಯ ಫೋಟೊಗಳಲ್ಲೆಲ್ಲ ಪಕ್ಕದವರನ್ನು ಮರೆಮಾಡುತ್ತೇನೆ, ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಮಾತ್ರ ಅದೃಶ್ಯ. ಇದಕ್ಕೆ ಎಲ್ಲರೂ ಸೂಚಿಸುವ ಪರಿಹಾರ, ನಾನು ಹೊಳೆಯಬೇಕು. ಗಾಡಿಯವರು ನೋಡಬೇಕು ಅನ್ನುವುದು ಯಾರಿಗೂ ಹೊಳೆಯುವುದಿಲ್ಲ. ನಿಂಬೆಹಣ್ಣಿನ ಬಣ್ಣದ ಜಾಕೆಟ್, ಎದೆಗೆ ಬೆನ್ನಿಗೆ ಬೆಳ್ಳಿ ಪಟ್ಟಿ, ತಲೆಗೊಂದು ದೀಪ, ಸೀಟಿನ ಕೆಳಗೊಂದು ದೀಪ. ಆಯುಧಪೂಜೆ ದಿನದ ಲಾರಿಯೂ ಇಷ್ಟು ಅಲಂಕಾರ ಮಾಡಿಕೊಳ್ಳುವುದಿಲ್ಲ.

ಹೊಳೆಯುವ ಪಟ್ಟಿಯ ಮಹಿಮೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. 2020ರಲ್ಲಿ, ಕೊರೊನಾ ಕಾಲದಲ್ಲಿ, ಹೊರವರ್ತುಲ ರಸ್ತೆಯ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ ಸುಮಾರು 17 ಕಿಲೋಮೀಟರ್ ಸೈಕಲ್ ಪಥ ಮಾಡಲು ಹೊರಟರು. ಗಾಡಿಗಳು ನುಗ್ಗಬಾರದೆಂದು ಅಂಚಿಗೆ ಸಾಲಾಗಿ ಗೂಟ ನೆಟ್ಟರು. ಆ ಗೂಟಗಳಿಗೆ ಹೊಳೆಯುವ ಪಟ್ಟಿ ಸುತ್ತಿದ್ದರು. ಅವು ಫೋನ್‌ನಲ್ಲಿ ಮಾತಾಡಲಿಲ್ಲ, ರಾಂಗ್ ಸೈಡಿನಲ್ಲಿ ಬರಲಿಲ್ಲ, ಗೆರೆ ದಾಟಲಿಲ್ಲ. ನೆಟ್ಟ ಜಾಗದಲ್ಲಿ ಹಗಲೂ ರಾತ್ರಿ ಹೊಳೆಯುತ್ತಾ ನಿಂತಿದ್ದವು. ಒಂದೊಂದಾಗಿ ಗಾಡಿಗಳಿಗೆ ಸಿಕ್ಕಿ ಮುರಿದವು. ಗುದ್ದಿದವರು ಅವಕ್ಕೂ ಗ್ಲಾಸ್ ಇಳಿಸಿ “ಕಾಣಿಸ್ಲೇ ಇಲ್ಲ ಗುರು” ಅಂದಿರಬಹುದು. ಆಮೇಲೆ ಅದೇ ರಸ್ತೆಯಲ್ಲಿ ಮೆಟ್ರೊ ಕಾಮಗಾರಿ ಬಂತು, ಪಥದ ನೆನಪೂ ಧೂಳಾಯಿತು. ನಮ್ಮ ಜಯನಗರದ ಸೈಕಲ್ ಪಥ ಇನ್ನೂ ಹಳೆಯದು. ಅದರ ಮೇಲೆ ಕಾರುಗಳು ಎಷ್ಟು ಶಿಸ್ತಾಗಿ ನಿಲ್ಲುತ್ತವೆಂದರೆ, ಸೈಕಲ್ಲಿನ ಚಿತ್ರವನ್ನು ಪಾರ್ಕಿಂಗ್ ಗುರುತೆಂದೇ ತಿಳಿದಿರುವ ಹಾಗಿದೆ.

ಆದರೂ ಮನೆಯವರ ಒತ್ತಾಯಕ್ಕೆ ಜಾಕೆಟ್ ತಂದೆ. ಮೊದಲ ದಿನ ಆಫೀಸಿನಲ್ಲಿ ಯಾರೋ ದೊಡ್ಡವರು ಬರುವವರಿದ್ದರು, ಫಾರ್ಮಲ್ಸ್ ಕಡ್ಡಾಯ. ಇಸ್ತ್ರಿಯಾಗಿದ್ದದ್ದು ಒಂದು ಬಿಳಿ ಶರ್ಟು, ಒಂದು ಖಾಕಿ ಪ್ಯಾಂಟು. ಮೇಲೆ ಜಾಕೆಟ್, ತಲೆಗೆ ಬಿಳಿ ಹೆಲ್ಮೆಟ್. ಮಗಳು ನೋಡಿ ನಕ್ಕಳು, ಯಾಕೆಂದು ಹೇಳಲಿಲ್ಲ.

ಮಡಿವಾಳ ದಾಟುತ್ತಿದ್ದ ಹಾಗೆ ಏನೋ ಬದಲಾದಂತಿತ್ತು. ಎದುರಿನಿಂದ ರಾಂಗ್ ಸೈಡಿನಲ್ಲಿ ಬರುತ್ತಿದ್ದ ಸ್ಕೂಟರ್ ನನ್ನನ್ನು ಕಂಡಿದ್ದೇ ಗರಕ್ಕನೆ ತಿರುಗಿ ಮಾಯವಾಯಿತು. ಆಟೊದವನು ಫೋನನ್ನು ಜೇಬಿಗೆ ತುರುಕಿದ. ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡಿದ್ದ ಹುಡುಗ ಅದನ್ನು ಹಿಂದುಮುಂದಾಗಿ ತಲೆಗೇರಿಸಿದ. ಸಿಗ್ನಲ್ಲಿನಲ್ಲಿ ಕಾರುಗಳು ಜೀಬ್ರಾ ಗೆರೆಯಿಂದ ಹಿಂದಕ್ಕೆ ಸರಿದವು. ಹಿಂದಕ್ಕೆ! ಈ ಊರಿನಲ್ಲಿ ಎಂಟು ತಿಂಗಳಲ್ಲಿ ಮೊದಲ ಬಾರಿಗೆ ನಾನು ಎಲ್ಲರಿಗೂ ಕಾಣುತ್ತಿದ್ದೆ.

ಹಸಿರು ಬೀಳಲು ಕಾಯುತ್ತಿದ್ದಾಗ ಬೈಕಿನವನೊಬ್ಬ ಎಂಜಿನ್ ಆರಿಸಿ, ಇಳಿದು, ಪರ್ಸಿನಿಂದ ಡಿಎಲ್ ತೆಗೆದು ಎರಡೂ ಕೈಯಲ್ಲಿ ಹಿಡಿದು ನನ್ನ ಬಳಿ ಬಂದ.

“ಸಾರ್, ಹಳೇದು ನಾಲ್ಕು ಕೇಸಿದೆ. ಹೋದ ಸಲ ಅರ್ಧ ಫೈನ್ ಕಟ್ಟಿ ಅಂತ ಡಿಸ್ಕೌಂಟ್ ಬಿಟ್ಟಿದ್ರಲ್ಲ, ಮತ್ತೆ ಯಾವಾಗ ಬಿಡ್ತೀರಾ ಸಾರ್?”

“ನಾನು ಪೊಲೀಸ್ ಅಲ್ಲಪ್ಪ. ಆಫೀಸಿಗೆ ಹೋಗ್ತಿದೀನಿ.”

ಅವನು ಜಾಕೆಟ್ ನೋಡಿದ, ಖಾಕಿ ನೋಡಿದ, ಕೊನೆಗೆ ಸೈಕಲ್ ನೋಡಿದ. ಡಿಎಲ್ಲನ್ನು ಪರ್ಸಿಗೆ ಸೇರಿಸಿ ಬೈಕ್ ಹತ್ತಿದ.

“ಹಂಗಾದ್ರೆ ಸೈಡಿಗೆ ಬಾರಯ್ಯ, ದಾರಿ ಬಿಡು.”