ಕಾವಿಗೆ ಕೂತ ಅಪಾರ್ಟ್‌ಮೆಂಟು

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ನಾಯಿ ಸಾಕಬೇಕಾದರೆ ಸಂಘದವರ ಮುಖ ನೋಡಬೇಕು. ಬಾಲ್ಕನಿಯಲ್ಲಿ ತುಳಸಿ ಕುಂಡಕ್ಕೆ ಎರಡು ಚೊಂಬು ನೀರು ಜಾಸ್ತಿ ಹಾಕಿದರೂ ಕೆಳಗಿನ ಮನೆಯವರು ಫೋಟೋ ಸಮೇತ ದೂರು ಕೊಡುತ್ತಾರೆ. ಇಂಥ ಕಡೆ ಈಗ ವಾಷಿಂಗ್ ಮೆಷಿನ್ ಪಕ್ಕ ಒಂದು ಥರ್ಮೋಕೋಲ್ ಪೆಟ್ಟಿಗೆ, ಅದರೊಳಗೊಂದು ಬಲ್ಬು, ಬಲ್ಬಿನ ಕೆಳಗೆ ಮೊಟ್ಟೆ, ಮೊಟ್ಟೆಯ ಮೇಲೆ ಇಡೀ ಕುಟುಂಬದ ಕಣ್ಣು. ಕೋಳಿಯೊಂದನ್ನು ಬಿಟ್ಟು ಎಲ್ಲರೂ ಕಾವಿಗೆ ಕೂತಿದ್ದಾರೆ.

ಇದಕ್ಕೆಲ್ಲ ಮೂಲ ಮೊಬೈಲಿನಲ್ಲಿ ಬರುವ ವಿಡಿಯೋಗಳು. ಒಬ್ಬ ಮೊಟ್ಟೆಯನ್ನು ಮರಳಿನಲ್ಲಿ ಹೂಳುತ್ತಾನೆ, ಇನ್ನೊಬ್ಬ ಅಕ್ಕಿ ಡಬ್ಬಿಯಲ್ಲಿಡುತ್ತಾನೆ, ಮತ್ತೊಬ್ಬ ಮಹಾನುಭಾವ ಬಿಸಿನೀರಿನ ಲೋಟದಲ್ಲಿ ಮುಳುಗಿಸುತ್ತಾನೆ. ಆಮೇಲೆ ಒಂದು ಕಟ್. ಮರಿ ಚಿಂವ್ ಅನ್ನುತ್ತದೆ. ಇಪ್ಪತ್ತೊಂದು ದಿನದ ಕೆಲಸ ಒಂದು ಸೆಕೆಂಡಿನಲ್ಲಿ ಖಲಾಸ್. ಇಟ್ಟ ಮೊಟ್ಟೆ ಬಿಳಿ, ಒಡೆದು ಬಿದ್ದ ಚಿಪ್ಪು ಕಂದು. ಕೇಳುವವರು ಯಾರು? ಲಕ್ಷಗಟ್ಟಲೆ ಜನ ನೋಡಿದ್ದಾರೆ ಅಂದಮೇಲೆ ಸುಳ್ಳಿರಲಿಕ್ಕಿಲ್ಲ, ಅಲ್ವಾ?

ಹೀಗೆ ಸ್ಫೂರ್ತಿ ಪಡೆದವರು ಮೊದಲು ಹೋಗುವುದು ಬೀದಿ ಕೊನೆಯ ಅಂಗಡಿಗೆ. ಒಂದು ಡಜನ್ ಮೊಟ್ಟೆ ತರುತ್ತಾರೆ. ಆರು ಆಮ್ಲೆಟ್ಟಿಗೆ, ಆರು ಮರಿಗೆ. ಅಂಗಡಿ ಮೊಟ್ಟೆ ಬರುವುದು ತಮಿಳುನಾಡಿನ ನಾಮಕ್ಕಲ್ಲಿನಂಥ ಕಡೆಯ ಕೋಳಿ ಫಾರಂಗಳಿಂದ. ಅಲ್ಲಿ ಸಾಲು ಸಾಲು ಪಂಜರಗಳಲ್ಲಿ ಬರೀ ಹೇಟೆಗಳೇ ಇರುತ್ತವೆ. ಹುಂಜ ಇರಲಿ, ಹುಂಜನ ಕೂಗು ಕೂಡ ಅವುಗಳ ಕಿವಿಗೆ ಬಿದ್ದಿರುವುದಿಲ್ಲ. ಮೊಟ್ಟೆ ಇಡೋಕೆ ಹೇಟೆಗೆ ಹುಂಜ ಬೇಕಾಗಿಲ್ಲ, ಮರಿ ಆಗೋಕೆ ಬೇಕೇ ಬೇಕು. ಅಪ್ಪನೇ ಇಲ್ಲದ ಮೊಟ್ಟೆಗೆ ಬಲ್ಬು ಹಚ್ಚಿ, ಜೊತೆಗೆ ಧರ್ಮಸ್ಥಳಕ್ಕೆ ಹರಕೆ ಹೊತ್ತರೂ ಮರಿ ಬರಲ್ಲ. ವಾಸನೆ ಬರುತ್ತದೆ. ಒಳಗೆ ಗ್ಯಾಸ್ ತುಂಬಿ ಒಂದು ದಿನ ಢಬ್ ಅಂದರೆ ಆಗ ಕೆಳಗಿನ ಮನೆಯವರ ದೂರಿಗೂ ಒಂದು ಅರ್ಥ ಬರುತ್ತದೆ.

ನನಗೆ ನಿಜವಾಗಿ ಮಜಾ ಅನ್ನಿಸುವುದು ಬೇರೆಯೇ. ಇದೇ ಮನೆಗಳಲ್ಲಿ ಊಟದ ಮೇಜಿನ ಮೇಲೆ ಒಂದು ವಾದ ವರ್ಷಗಳಿಂದ ನಡೆಯುತ್ತಿದೆ: "ಅಂಗಡಿ ಮೊಟ್ಟೆಯಲ್ಲಿ ಜೀವ ಇರಲ್ಲ ರೀ, ಅದು ವೆಜ್ಜೇ." ಸರಿ, ಒಪ್ಪೋಣ. ಬೆಳಿಗ್ಗೆ ಜೀವ ಇಲ್ಲ ಅಂತ ತಿಂದ ಅದೇ ಟ್ರೇಯ ಮೊಟ್ಟೆಗೆ ಸಂಜೆ ಟಾರ್ಚ್ ಹಿಡಿದು ಜೀವ ಹುಡುಕುತ್ತಾರಲ್ಲ, ಯಾವ ಶಾಸ್ತ್ರದ ಪ್ರಕಾರ ಅಂತ ಕೇಳಬೇಕು ಅನ್ನಿಸುತ್ತದೆ.

ಸ್ವಲ್ಪ ತಿಳಿದವರು ಹೆಸರಘಟ್ಟ, ಹೆಬ್ಬಾಳದ ಕೋಳಿ ಕೇಂದ್ರಗಳಲ್ಲಿ ವಿಚಾರಿಸಿಕೊಂಡು, ಇಲ್ಲವೇ ಊರಿಂದ ಅತ್ತೆ ಕೈಲಿ ತರಿಸಿ, ಹುಂಜ ಕೂಡಿದ ನಾಟಿ ಮೊಟ್ಟೆ ಹೊಂದಿಸುತ್ತಾರೆ. ತಂದವರು ಮಾಡುವ ಮೊದಲ ಕೆಲಸ ಅವನ್ನು ಚೆನ್ನಾಗಿ ತೊಳೆಯುವುದು. ಚಿಪ್ಪಿನ ಮೇಲೆ ರೋಗಾಣು ಒಳಗೆ ಹೋಗದ ಹಾಗೆ ಕೋಳಿಯೇ ಹಚ್ಚಿಕೊಟ್ಟ ತೆಳುವಾದ ಪದರ ಇರುತ್ತದೆ. ಅದನ್ನು ಪಾತ್ರೆ ಸೋಪು ಹಾಕಿ ಉಜ್ಜಿ ತೆಗೆಯುತ್ತಾರೆ. ಎರಡನೇ ಕೆಲಸ, ಶನಿವಾರದವರೆಗೆ ಫ್ರಿಜ್ಜಿನಲ್ಲಿಡುವುದು. ಯಾಕೆಂದರೆ ವಿಡಿಯೋ ಮಾಡೋಕೆ ಟೈಮು ಸಿಗುವುದು ಶನಿವಾರವೇ.

ಬಲ್ಬಿನ ಕಥೆ ಕೇಳಿ. ವಿಡಿಯೋದಲ್ಲಿ ಬಲ್ಬು ಹಾಕಿ ಅಂದಿದ್ದಾರೆ, ಇವರು 9 ವ್ಯಾಟಿನ ಎಲ್‌ಇಡಿ ಹಾಕುತ್ತಾರೆ. ಅದು ಕರೆಂಟು ಉಳಿಸುತ್ತದೆ, ಶಾಖ ಕೊಡುವುದು ಅಷ್ಟಕ್ಕಷ್ಟೇ. ಮೊಟ್ಟೆ ಬೆಳಕಿನಲ್ಲಿ ಓದಿಕೊಂಡು ಕೂತಿರಬೇಕು ಅಷ್ಟೇ. ಇನ್ನು ಕೆಲವರು ಅಟ್ಟ ಹುಡುಕಿ ಹಳೇ 100 ವ್ಯಾಟಿನ ಬಲ್ಬನ್ನೇ ತಂದು ಥರ್ಮೋಕೋಲಿಗೆ ತಾಗಿಸಿ ಕೂರಿಸುತ್ತಾರೆ, ಅದರ ಅಡಿಗೆ ನೀರಿನ ತಟ್ಟೆ, ಹೋಲ್ಡರಿಗೆ ಟೇಪು ಸುತ್ತಿದ ವೈರು, ವೈರಿನ ಮೇಲೆ ಬಾಗಿಲು, ಇಷ್ಟು ಮಾಡಿ ರಾತ್ರಿ ನೆಮ್ಮದಿಯಾಗಿ ಮಲಗುತ್ತಾರೆ. ಥರ್ಮೋಕೋಲು ಬೆಂಕಿಗೆ ಎಷ್ಟು ಬೇಗ ಹತ್ತಿಕೊಳ್ಳುತ್ತದೆ ಅಂತ ಯಾವ ವಿಡಿಯೋದಲ್ಲೂ ತೋರಿಸುವುದಿಲ್ಲ. ಅದಕ್ಕೆ ಲೈಕು ಬರಲ್ಲ. ಮಾರುಕಟ್ಟೆಯಲ್ಲಿ ಶಾಖವನ್ನು ತಾನೇ ಹದದಲ್ಲಿಡುವ ಥರ್ಮೋಸ್ಟಾಟ್ ಇರುವ ಪುಟ್ಟ ಇನ್‌ಕ್ಯುಬೇಟರ್, ಅಂದರೆ ಕಾವು ಪೆಟ್ಟಿಗೆ, ಸಿಗುತ್ತದೆ. ಆದರೆ ಖರ್ಚಿಲ್ಲದೆ ಮರಿ ಮಾಡುತ್ತೇನೆ ಅಂತ ಹೊರಟವರಿಗೆ ಮಿಷನ್ ತಂದುಕೋ ಅನ್ನುವುದು ಹೇಗೆ?

ಆಮೇಲೆ ನಮ್ಮ ಇಂಜಿನಿಯರುಗಳು. ಅವರದು ಇನ್ನೊಂದು ಅತಿರೇಕ. ಫ್ಯಾನ್ ಇರುವ ಪೆಟ್ಟಿಗೆಯಲ್ಲಿ 37.5 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಮೊದಲ ಹದಿನೆಂಟು ದಿನ ತೇವಾಂಶ ನೂರಕ್ಕೆ 50ರ ಆಚೀಚೆ, ಕೊನೆಯ ಮೂರು ದಿನ 65ರ ಮೇಲೆ. ಬೇಕಾಗಿರುವುದು ಇಷ್ಟು. ಇದಕ್ಕೆ ಅವರು ಸೆನ್ಸರ್ ಹಾಕಿ, ಸೆನ್ಸರಿಗೆ ಕೋಡು ಬರೆದು, ಕೋಡಿಗೆ ಆ್ಯಪ್ ಮಾಡಿ, ಆಫೀಸಿನ ಮೀಟಿಂಗಿನಲ್ಲಿ ಮೊಟ್ಟೆಯ ಗ್ರಾಫ್ ನೋಡುತ್ತಾರೆ. ಒಂದು ಗಂಟೆ ಕರೆಂಟು ಹೋದರೆ ಮನೆಯಲ್ಲಿ ಸೂತಕ. ಅಷ್ಟಕ್ಕೆ ಮೊಟ್ಟೆ ಸಾಮಾನ್ಯವಾಗಿ ಸಾಯಲ್ಲ, ಹೇಟೆಯೂ ದಿನಕ್ಕೊಮ್ಮೆ ಎದ್ದು ಹೋಗಿ ಕಾಳು ತಿಂದು ನೀರು ಕುಡಿದು ಬರುತ್ತದೆ. ಮೊಟ್ಟೆಗೆ ಚಳಿಗಿಂತ ಸೆಕೆ ಜಾಸ್ತಿ ಅಪಾಯ. ಆದರೆ ಇವರು ಗಾಬರಿಯಲ್ಲಿ ತಣ್ಣಗಾಯಿತು ಅಂತ ಶಾಖ ಏರಿಸಿ, 40 ಡಿಗ್ರಿ ದಾಟಿಸಿ, ಒಳಗಿನ ಜೀವವನ್ನು ಪ್ರೀತಿಯಿಂದಲೇ ಬೇಯಿಸಿಬಿಡುತ್ತಾರೆ.

ದಿನಕ್ಕೆ ಕನಿಷ್ಠ ಮೂರು ಸಲವಾದರೂ ಮೊಟ್ಟೆ ಹೊರಳಿಸಬೇಕು, ಇಲ್ಲದಿದ್ದರೆ ಭ್ರೂಣ ಚಿಪ್ಪಿನ ಒಳಪದರಕ್ಕೆ ಅಂಟಿಕೊಳ್ಳುತ್ತದೆ. ಇದಕ್ಕೆ ಮನೆಯಲ್ಲಿ ಪಾಳಿ ಹಾಕಿಕೊಳ್ಳುತ್ತಾರೆ. ಬೆಳಿಗ್ಗೆ ಅಪ್ಪ, ಮಧ್ಯಾಹ್ನ ಅಜ್ಜಿ, ರಾತ್ರಿ ಮಗ. ತಪ್ಪಿದವರಿಗೆ ಬೈಗುಳ. ಊರಲ್ಲಿ ಇದೇ ಅಜ್ಜಿ ಮಂಕರಿಗೆ ಹುಲ್ಲು ಹಾಸಿ, ಬೆಸ ಲೆಕ್ಕದಲ್ಲಿ ಮೊಟ್ಟೆ ಜೋಡಿಸಿ, ಗುಡುಗಿಗೆ ಕೆಡಬಾರದು ಅಂತ ಒಂದು ಕಬ್ಬಿಣದ ಚೂರಿಟ್ಟು, ಹೇಟೆ ಕೂರಿಸಿ ಹೊಲಕ್ಕೆ ಹೋಗುತ್ತಿದ್ದರು. ಹೊರಳಿಸುವುದು, ತೇವ, ಶಾಖ ಎಲ್ಲ ಹೇಟೆಯ ಜವಾಬ್ದಾರಿ. ಎದೆಯ ಪುಕ್ಕ ಉದುರಿದ ಬರಿ ಚರ್ಮವನ್ನೇ ಮೊಟ್ಟೆಗೆ ತಾಗಿಸಿ ಕೂರುತ್ತಿತ್ತು, ಪಾಸ್‌ವರ್ಡ್ ಕೂಡ ಕೇಳದೆ.

ಅಂದಹಾಗೆ ಈ ಹುಚ್ಚಿನಲ್ಲಿ ನಾವೇ ಮೊದಲಿಗರಲ್ಲ. ಫ್ರಾನ್ಸಿನ ಕಲಾವಿದ ಅಬ್ರಹಾಂ ಪುವಾನ್‌ಶೆವಾಲ್ 2017ರಲ್ಲಿ ಪ್ಯಾರಿಸ್ಸಿನ ಪ್ರದರ್ಶನಾಲಯವೊಂದರ ಗಾಜಿನ ಕೋಣೆಯಲ್ಲಿ ಕಂಬಳಿ ಹೊದ್ದು ಸುಮಾರು ಮೂರು ವಾರ ಮೊಟ್ಟೆಗಳ ಮೇಲೆ ಕೂತ. ಮರಿಗಳೂ ಆದವು. ಆದರೆ ಆತ ತಾನೇ ಕೂತ, ಅಜ್ಜಿಗೆ ಪಾಳಿ ಹಾಕಲಿಲ್ಲ.

ಹದಿನೆಂಟನೇ ದಿನದ ಮೇಲೆ ಹೊರಳಿಸುವುದು ನಿಲ್ಲಿಸಿ, ಪೆಟ್ಟಿಗೆ ಮುಚ್ಚಿ ಸುಮ್ನೆ ಇರಬೇಕು. ಸುಮ್ನೆ ಇರುವುದೇ ನಮ್ಮವರಿಗೆ ಕಷ್ಟ. ಚಿಪ್ಪು ಒಂದು ಚೂರು ಬಿರುಕು ಬಿಟ್ಟರೆ ಸಾಕು, ಹೆರಿಗೆ ವಾರ್ಡಿನ ಬಾಗಿಲಲ್ಲಿ ನಿಂತ ಹಾಗೆ ಅಕ್ಕಪಕ್ಕದ ಫ್ಲ್ಯಾಟಿನವರೆಲ್ಲ ಮೊಬೈಲು ಹಿಡಿದು ಸೇರುತ್ತಾರೆ. ಬಿರುಕು ಬಿಟ್ಟ ಮೇಲೆ ಮರಿ ಹೊರಬರಲು ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆ ಹಿಡಿಯಬಹುದು. ಆ ಹೊತ್ತಿನಲ್ಲಿ ಅದು ಚಿಪ್ಪಿನ ಒಳಗಿನ ನಾಳಗಳ ರಕ್ತವನ್ನೂ ಉಳಿದ ಹಳದಿಯನ್ನೂ ಒಳಗೆ ಎಳೆದುಕೊಳ್ಳುತ್ತಿರುತ್ತದೆ. ಲೈವ್‌ಗೆ ಬಂದವರು ಅಷ್ಟು ಹೊತ್ತು ಕಾಯುತ್ತಾರಾ? ಯಾರೋ ಒಬ್ಬರು ಚಿಮುಟ ತರುತ್ತಾರೆ, ಪಾಪ ಸಹಾಯ ಮಾಡೋಣ ಅಂತ. ರಕ್ತ ಬರುತ್ತದೆ. ಲೈವ್ ಅಲ್ಲಿಗೇ ಕಟ್.

ಚಿಮುಟದಿಂದ ತಪ್ಪಿಸಿಕೊಂಡ ಮರಿಗೆ ಮುತ್ತಿನ ಮಳೆ. ಐದು ವರ್ಷದ ಮಗು ಮರಿಯ ಕೊಕ್ಕಿಗೆ ಮುತ್ತು ಕೊಟ್ಟು ಅದೇ ಕೈಯಲ್ಲಿ ಬಿಸ್ಕತ್ತು ತಿನ್ನುತ್ತದೆ. ಮರಿಯ ಮೈಮೇಲೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ರೋಗಾಣು ಇರಬಹುದು, ಸೋಪಿನಲ್ಲಿ ಕೈ ತೊಳೆಸಿ ಅಂದರೆ, "ಅಯ್ಯೋ, ಮನೆಯಲ್ಲೇ ಹುಟ್ಟಿದ ಮರಿ ಕಣ್ರೀ!" ಮೊಟ್ಟೆಯನ್ನು ಸೋಪು ಹಾಕಿ ತಿಕ್ಕಿದ ಮನೆಯೇ ಇದು.

ಹೀಗೆ ಇಪ್ಪತ್ತೊಂದು ದಿನಕ್ಕೆ ಚಾರ್ಟು, ಆ್ಯಪು, ಪಾಳಿ, ಕೇಕು ಎಲ್ಲ ಇರುತ್ತವೆ. ಇಪ್ಪತ್ತೆರಡನೇ ದಿನಕ್ಕೆ ಏನೂ ಇರುವುದಿಲ್ಲ. ಮೊದಲ ವಾರ ಮರಿಗೆ 35 ಡಿಗ್ರಿ ಬಿಸಿ ಬೇಕು, ಮರಿಗಳ ಆಹಾರ ಬೇಕು, ಜೊತೆಗೆ ಇನ್ನೊಂದು ಮರಿ ಬೇಕು, ಒಂಟಿ ಇದ್ದರೆ ಇಡೀ ದಿನ ಕೂಗುತ್ತದೆ. ಇದೆಲ್ಲ ಯಾರೂ ಹೇಳಿರಲಿಲ್ಲವಂತೆ! ಮೇಲಾಗಿ ಹುಟ್ಟುವ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಗಂಡು ಮರಿ ಯಾರಿಗೂ ಬೇಡ. ಜಾತ್ರೆಯಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದು ಮಕ್ಕಳಿಗೆ ಮಾರುತ್ತಾರಲ್ಲ, ಅವು ಹೆಚ್ಚಿನವು ಮೊಟ್ಟೆ ತಳಿಯ ಹ್ಯಾಚರಿಗಳಿಗೆ ಬೇಡವಾದ ಗಂಡು ಮರಿಗಳೇ.

ನಾಲ್ಕೈದು ತಿಂಗಳಿಗೆ ಬಾಲ್ಕನಿಯಿಂದ ಬೆಳಗಿನ ಜಾವ ಮೊದಲ ಕೂಗು. ಏಳಕ್ಕೆ ಸಂಘದ ಗುಂಪಿನಲ್ಲಿ ದೂರು. ಒಂಬತ್ತಕ್ಕೆ ತುರ್ತು ಸಭೆ. ಹತ್ತಕ್ಕೆ ಮಾಲೀಕರಿಂದ ಒಂದು ಭಾವುಕ ಸಂದೇಶ: "ನಮ್ಮ ಮನೆಮಗ ಚಿಂಟುಗೆ ಒಳ್ಳೆಯ ಮನೆ ಬೇಕಾಗಿದೆ. ಉಚಿತ. ಸಾರು ಮಾಡುವವರು ದಯವಿಟ್ಟು ಸಂಪರ್ಕಿಸಬೇಡಿ." ಸಂದೇಶ ಹಾಕಿ ಅರ್ಧ ಗಂಟೆಗೆ ಅದೇ ಮನೆಯ ಬಾಗಿಲಲ್ಲಿ ಡೆಲಿವರಿ ಹುಡುಗ ಬೆಲ್ ಮಾಡುತ್ತಾನೆ. ಭಾನುವಾರ ಅಲ್ವಾ, ಎರಡು ಚಿಕನ್ ಬಿರಿಯಾನಿ, ಒಂದು ಕಬಾಬ್.