ಕಾನ್ಫರೆನ್ಸ್‌ಗೆ ಬಂದವರನ್ನು ಹೋಟೆಲ್‌ನಲ್ಲೇ ಕೂಡಿಹಾಕಬೇಡಿ, ಬಳ್ಳಾರಿ ತೋರಿಸಿ

ಡಾಕ್ಟರುಗಳು, ಲೆಕ್ಚರರುಗಳು, ಕಂಪನಿ ಡೀಲರುಗಳು, ಈಗ ಎಲ್ಲರ ಕಾನ್ಫರೆನ್ಸೂ ಬಳ್ಳಾರಿಯಲ್ಲಿ ನಡೆಯುತ್ತದೆ. ಸಂತೋಷ. ಆದರೆ ಬಂದವರು ಮಾಡುವುದೇನು? ಎಸಿ ಹಾಲ್‌ನಲ್ಲಿ ಕೂರುತ್ತಾರೆ. ಮಧ್ಯಾಹ್ನ ಪನ್ನೀರ್ ಬಟರ್ ಮಸಾಲ, ರಾತ್ರಿ ಗೋಬಿ ಮಂಚೂರಿ. ಕೊನೆಯ ದಿನ ಬಸ್ಸಿನಲ್ಲಿ ಹಂಪಿಗೆ ಹೋಗಿ, ಕಲ್ಲಿನ ರಥದ ಮುಂದೆ ಒಂದು ಗ್ರೂಪ್ ಫೋಟೊ, ಹೊಸಪೇಟೆಯಲ್ಲಿ ರೈಲು. ಆಮೇಲೆ "ಬಳ್ಳಾರಿ ನೋಡಿಬಿಟ್ಟೆ, ಬರೀ ಬಿಸಿಲು, ಧೂಳು" ಅಂತಾರೆ. ನೋಡಿದ್ದು ಎಲ್ಲಿ ಸ್ವಾಮಿ?

ಬಂದವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಕಾರ್ಯಕ್ರಮದ ಪಟ್ಟಿ ಮಾಡುವವರ ಮೇಲೆ. ಬೆಳಿಗ್ಗೆ ಎಂಟೂವರೆಗೆ ಟಿಫಿನ್, ಒಂಬತ್ತಕ್ಕೆ ಉದ್ಘಾಟನೆ, ರಾತ್ರಿ ಎಂಟಕ್ಕೆ ಊಟ. ಊರಿನ ಕಡೆ ಒಂದು ಹೆಜ್ಜೆ ಇಡಲು ಪುರುಸೊತ್ತೇ ಇಲ್ಲ.

ಟಿಫಿನ್‌ನಿಂದಲೇ ಶುರು ಮಾಡೋಣ. ಬಳ್ಳಾರಿಗೆ ಬಂದು ಒಗ್ಗರಣೆ-ಮಿರ್ಚಿ ತಿನ್ನದೆ ಬ್ರೆಡ್ಡಿಗೆ ಜಾಮ್ ಸವರಿಕೊಳ್ಳುವುದು ಅನ್ಯಾಯ ಅಲ್ವಾ? ಒಗ್ಗರಣೆ ಅಂದರೆ ನಮ್ಮಲ್ಲಿ ಮಂಡಕ್ಕಿಯ ತಿಂಡಿ. ಮಂಡಕ್ಕಿಯನ್ನು ನೀರಿಗೆ ಹಾಕಿ ತಕ್ಷಣ ಹಿಂಡಿ ತೆಗೆಯುತ್ತಾರೆ. ಎಣ್ಣೆಯಲ್ಲಿ ಸಾಸಿವೆ, ಕರಿಬೇವು, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನ. ಮಂಡಕ್ಕಿ ಸೇರಿಸಿ ಕಲಸಿ, ಮೇಲೆ ಪುಟಾಣಿ ಪುಡಿ ಉದುರಿಸಿ, ನಿಂಬೆ ಹಿಂಡುತ್ತಾರೆ. ಪಕ್ಕದಲ್ಲಿ ಆಗ ತಾನೇ ಬಾಣಲೆಯಿಂದ ಎತ್ತಿದ ಉದ್ದನೆಯ ಮಿರ್ಚಿ, ಅಂದರೆ ಮೆಣಸಿನಕಾಯಿ ಬಜ್ಜಿ. ತೆಲುಗಿನವರು ಈ ಒಗ್ಗರಣೆಯನ್ನೇ ಉಗ್ಗಾಣಿ ಅಂತಾರೆ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದ್ರಾಸ್ ರಾಜ್ಯದಲ್ಲೇ ಇತ್ತು, ಆಂಧ್ರ ಇಲ್ಲಿಂದ ಕೂಗಳತೆ ದೂರ. ಹಾಗಾಗಿ ನಮ್ಮ ತಟ್ಟೆಗೂ ನಾಲಿಗೆಗೂ ಗಡಿ ಗೊತ್ತಿಲ್ಲ.

ಕೆಲವು ಹೋಟೆಲ್‌ಗಳು ಒಗ್ಗರಣೆಯನ್ನು ಬಫೆಯಲ್ಲೂ ಇಡುತ್ತವೆ. ದಯವಿಟ್ಟು ಬೇಡ. ಮುಚ್ಚಳದ ಪಾತ್ರೆಯಲ್ಲಿ ಅರ್ಧ ಗಂಟೆ ಇದ್ದರೆ ಮಿರ್ಚಿ ಮೆತ್ತಗಾಗುತ್ತದೆ, ಮಂಡಕ್ಕಿ ಮುದ್ದೆಯಾಗುತ್ತದೆ. ಅದನ್ನು ರಸ್ತೆ ಬದಿಯಲ್ಲಿ ನಿಂತೇ ತಿನ್ನಬೇಕು. ಮೂಗಲ್ಲಿ ನೀರು ಬಂದರೆ ಒರೆಸಿಕೊಂಡು ಚಹಾ ಕುಡಿಯಬೇಕು.

ಮಧ್ಯಾಹ್ನಕ್ಕೆ ಒಂದು ಖಾನಾವಳಿ ಸಾಕು. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿಪುಡಿ, ಮೊಸರು, ಹಸಿ ಈರುಳ್ಳಿ. ಬಫೆಯ ಮೂಲೆಯಲ್ಲಿ 'ಉತ್ತರ ಕರ್ನಾಟಕ ಕೌಂಟರ್' ಅಂತ ಬೋರ್ಡ್ ಹಾಕಿ ತಣ್ಣಗಿನ ರೊಟ್ಟಿ ಜೋಡಿಸಿಡುವುದಕ್ಕಿಂತ ಇದು ಎಷ್ಟೋ ಮೇಲು. ಖರ್ಚೂ ಕಡಿಮೆ.

ಇನ್ನು ನೋಡುವುದು. ಊರ ನಡುವೆಯೇ ಕೋಟೆ ಗುಡ್ಡ ಇದೆ. ಮೇಲಿನ ಕೋಟೆ ವಿಜಯನಗರದ ಸಾಮಂತ ಹನುಮಪ್ಪ ನಾಯಕ ಕಟ್ಟಿಸಿದ್ದು. ಕೆಳಕೋಟೆ ಹೈದರಾಲಿ ಕಾಲದ್ದು, ಫ್ರೆಂಚ್ ಎಂಜಿನಿಯರ್ ಒಬ್ಬ ಮಾಡಿದ ಕೆಲಸ. ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ ಅಂತ ಆಮೇಲೆ ಗೊತ್ತಾಗಿ, ಹೈದರಾಲಿ ಆ ಎಂಜಿನಿಯರನ್ನೇ ಗಲ್ಲಿಗೇರಿಸಿದ ಅಂತ ಊರಲ್ಲಿ ಕಥೆ. ನಿಜವೋ ಸುಳ್ಳೋ, ಗುಡ್ಡದ ಮೇಲೆ ನಿಂತು ಆ ಕಡೆ ನೋಡಿದರೆ ಹೈದರನ ಸಿಟ್ಟು ಅರ್ಥವಾಗುತ್ತದೆ. ಬೆಳಿಗ್ಗೆ ಆರಕ್ಕೆ ಹತ್ತಬೇಕು. ಹತ್ತು ಗಂಟೆಯ ಮೇಲೆ ಹತ್ತಿದರೆ ಬಂಡೆ ಕಾದು ನಿಮ್ಮನ್ನೇ ರೊಟ್ಟಿ ಮಾಡುತ್ತದೆ. ನಮ್ಮಲ್ಲಿ ಇರುವುದು ಬೇಸಿಗೆ ಮತ್ತು ಬಿರುಬೇಸಿಗೆ ಅನ್ನುವುದು ಬರೀ ತಮಾಷೆಯಲ್ಲ.

ನನ್ನ ಪ್ರಕಾರ ಕೋಟೆಗಿಂತ ದೊಡ್ಡ ವಿಷಯ ಸಂಗನಕಲ್ಲು. ಊರಿಂದ ಏಳೆಂಟು ಕಿಲೋಮೀಟರ್ ಅಷ್ಟೇ. ಅಲ್ಲಿನ ಹಿರೇಗುಡ್ಡದಲ್ಲಿ ಹೊಸ ಶಿಲಾಯುಗದ ಜನ ವಾಸವಿದ್ದರು. ಕಪ್ಪು ಕಲ್ಲನ್ನು ಕೆತ್ತಿ, ಉಜ್ಜಿ, ಕೊಡಲಿ ಮಾಡುತ್ತಿದ್ದರು. ಬಂಡೆಗಳ ಮೇಲೆ ಡುಬ್ಬದ ಎತ್ತುಗಳ ಚಿತ್ರ ಕುಟ್ಟಿದ್ದಾರೆ. ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯ ಹಾಗೆ ನಾದ ಬರುತ್ತದೆ. ಬಡಿದು ಬಡಿದು ಆದ ಕುಳಿಗಳು ಇವತ್ತಿಗೂ ಕಾಣುತ್ತವೆ. ನೀವು ಬಡಿಯಬೇಡಿ, ನೋಡಿದರೆ ಸಾಕು. ಇಲ್ಲಿ ಅಗೆದಾಗ ಸುಟ್ಟ ಕಾಳುಗಳೂ ಸಿಕ್ಕಿವೆ: ಹುರುಳಿ, ಹೆಸರು, ಕೊರಲೆ. ಅಂದರೆ ಇಲ್ಲಿ ಹುರುಳಿ ಸಾರು ಉಣ್ಣುವವರಿಗೆ ನಾಲ್ಕು ಸಾವಿರ ವರ್ಷದ ಹಿಂದಿನ ನೆಂಟರಿದ್ದಾರೆ. ಕಾನ್ಫರೆನ್ಸ್ ಬಫೆಯಲ್ಲಿ ಹುರುಳಿ ಕಂಡವರಿದ್ದರೆ ಹೇಳಿ!

ಗುಡ್ಡ ಹತ್ತಲು ಆಗದವರಿಗೆ ಊರಲ್ಲೇ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಮ್ಯೂಸಿಯಂ ಇದೆ. ಸಂಗನಕಲ್ಲಿನಲ್ಲಿ ಸಿಕ್ಕ ವಸ್ತುಗಳು ಅಲ್ಲಿವೆ. ಹೋಗುವ ಮುಂಚೆ ತೆರೆದಿದೆಯಾ ಅಂತ ವಿಚಾರಿಸಿಕೊಳ್ಳಿ.

ಹಂಪಿ ಬೇಡ ಅಂತ ನಾನು ಹೇಳುತ್ತಿಲ್ಲ. ಅರ್ಧ ದಿನದಲ್ಲಿ ಹಂಪಿ ಬೇಡ. ಅರವತ್ತು ಕಿಲೋಮೀಟರ್ ಹೋಗಿ, ವಿರೂಪಾಕ್ಷ ದೇವಸ್ಥಾನದಲ್ಲಿ ಚಪ್ಪಲಿ ಬಿಟ್ಟು ಹಾಕಿಕೊಳ್ಳುವಷ್ಟರಲ್ಲಿ "ಬಸ್ ಹೊರಡುತ್ತೆ" ಅಂತ ಕೂಗು. ಎರಡು ದಿನ ಇದ್ದರೆ ಹೋಗಿ, ಇಲ್ಲದಿದ್ದರೆ ಇನ್ನೊಮ್ಮೆ ಮನೆಯವರ ಜೊತೆ ಬನ್ನಿ. ಹೋಗುವುದೇ ಆದರೆ ದಾರಿಯಲ್ಲಿ ಕುಡತಿನಿ ಹತ್ತಿರ ಬೂದಿದಿಬ್ಬ ಇದೆ, ಅಲ್ಲಿ ಬಸ್ ನಿಲ್ಲಿಸಿ. ರಾಕ್ಷಸನನ್ನು ಸುಟ್ಟ ಬೂದಿ ಅಂತ ಹಿಂದಿನವರು ಹೇಳುತ್ತಿದ್ದರು. ಅಸಲಿಗೆ ಅದು ದನ ಸಾಕುತ್ತಿದ್ದ ಅದೇ ಹೊಸ ಶಿಲಾಯುಗದ ಜನ ಸಗಣಿ ರಾಶಿ ಹಾಕಿ ಸುಟ್ಟಿದ್ದು. ಅದೇ ಕುಡತಿನಿಯಲ್ಲಿ ಈಗ ಕಲ್ಲಿದ್ದಲು ಸುಡುವ ಥರ್ಮಲ್ ಸ್ಟೇಷನ್ ಇದೆ. ಎಲ್ಲ ಬಸ್ಸುಗಳೂ ಈ ದಿಬ್ಬದ ಮುಂದೆಯೇ ಹೋಗುತ್ತವೆ, ಒಳಗೆ ಅಂತ್ಯಾಕ್ಷರಿ ನಡೆಯುತ್ತಿರುತ್ತದೆ.

ಸಂಘಟಕರಲ್ಲಿ ನನ್ನ ಕೋರಿಕೆ ಇಷ್ಟೇ. ಉದ್ಘಾಟನೆಯನ್ನು ಹತ್ತೂವರೆಗೆ ಇಡಿ, ಹೇಗೂ ಅತಿಥಿಗಳು ಬರುವುದೇ ಆಗ. ಬೆಳಿಗ್ಗೆ ಗುಡ್ಡ ಹತ್ತಿಸಿ, ಇಳಿದ ಮೇಲೆ ಒಗ್ಗರಣೆ-ಮಿರ್ಚಿ ಕೊಡಿಸಿ. ಸಂಜೆ ಜೀನ್ಸ್ ಅಂಗಡಿಗಳ ಕಡೆ ಬಿಡಿ. ನಮ್ಮೂರಲ್ಲೇ ಹೊಲಿದ ಪ್ಯಾಂಟು, ಬೆಂಗಳೂರಲ್ಲಿ ಕೊಳ್ಳುವ ಮುಂಚೆ ಇಲ್ಲಿ ಒಮ್ಮೆ ರೇಟು ಕೇಳಲಿ. ಬ್ಯಾಗಿನಲ್ಲಿ ಕೊಡುವ ಪೆನ್ನು, ನೋಟ್‌ಪ್ಯಾಡ್ ಬದಲು ಕಾಲು ಕೆಜಿ ಶೇಂಗಾ ಚಟ್ನಿಪುಡಿ ಹಾಕಿದರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನಿಮ್ಮ ಓಣಿಯ ಒಳ್ಳೆಯ ಮಿರ್ಚಿ ಬಂಡಿ ಯಾವುದು ಅಂತ ಕೆಳಗೆ ಬರೆಯಿರಿ. ಜಗಳ ಆಗುವುದು ಗ್ಯಾರಂಟಿ, ಆಗಲಿ ಬಿಡಿ.